ಮುನ್ನೂರ ನಲವತ್ತು ಪೌಂಡ್

"ಕುಟ್ಟು ಅಪ್ಪಾ! ಯಾಕೆ ಸುಮ್ನೆ ನಿಂತಿದೀಯಾ? ಕುಟ್ಟು!"

ಒಂಬತ್ತು ವರ್ಷದ ಸಿಡೋನಿ ಕೆಂಪು ಬಣ್ಣ ಬಳಿದ ಬೇಯಿಸಿದ ಮೊಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಅದರ ಚೂಪು ತುದಿಯನ್ನು ಮೇಲೆ ಮಾಡಿಕೊಂಡು ಕಾಯುತ್ತಿದ್ದಳು. ಈಸ್ಟರ್ ಭಾನುವಾರ ಚರ್ಚಿನಿಂದ ಬಂದ ಮೇಲೆ ಲಾ ಪ್ಲೂಮ್ ಊರಿನ ಪ್ರತಿ ಮನೆಯ ಅಂಗಳದಲ್ಲೂ ಇದೇ ಆಟ. ಮೊಟ್ಟೆಗೆ ಮೊಟ್ಟೆ ಕುಟ್ಟುವುದು, ಯಾರದು ಒಡೆಯಿತೋ ಅವರು ಅದನ್ನು ಗೆದ್ದವರ ಕೈಗೆ ಕೊಡುವುದು. ಅವಳ ಅಪ್ಪ ಓಡೆಲ್ ಇದನ್ನು ಮೂರು ವರ್ಷದವನಾಗಿದ್ದಾಗಿನಿಂದ ಆಡಿದವನು. ಇವತ್ತು ಮಾತ್ರ ಆ ದೈತ್ಯ ತಾಯಿಯ ಮನೆಯ ಅಂಗಳದ ನಡುವೆ ನಿಂತು, ಅಂಗೈಯಲ್ಲಿದ್ದ ನೀಲಿ ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಗಳ ಮುಖ ನೋಡಿದ... ಮತ್ತೆ ಮೊಟ್ಟೆ ನೋಡಿದ... ಆಮೇಲೆ ಅದನ್ನೆತ್ತಿ ತನ್ನ ಹಣೆಗೇ ಟಪ್ಪನೆ ಕುಟ್ಟಿಕೊಂಡ!

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. "ನೋಡ್ರೋ, ನೋಡ್ರೋ! ನಮ್ಮ ದೊಡ್ಡವ ಎಲ್ಲದಕ್ಕೂ ತಲೇನೇ ಮುಂದೆ ಕೊಡ್ತಾನೆ!" ಎಂದು ಅವನ ಅಣ್ಣ ಲೂಷಸ್ ಹೊಟ್ಟೆ ಹಿಡಿದುಕೊಂಡು ಕೂಗಿದ. ಈ ಊರಿನಲ್ಲಿ ಓಡೆಲ್‌ನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ, ಎಲ್ಲರ ಬಾಯಲ್ಲೂ ಅವನು ದೊಡ್ಡವನೇ. ಎಲ್ಲರೂ ನಗುವುದನ್ನು ಕಂಡು ಅವನೂ ನಕ್ಕ. ಹಣೆಗೆ ನೀಲಿ ಸಿಪ್ಪೆ ಅಂಟಿಕೊಂಡಿತ್ತು, ಹುಬ್ಬಿನ ಮೇಲೆ ಹಳದಿ ಪುಡಿ ಉದುರಿತ್ತು. ನಗದೆ ನಿಂತವಳು ಅವನ ಹೆಂಡತಿ ರೆನೀಟಾ ಒಬ್ಬಳೇ. ಅವಳು ಅವನ ಕೈ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕರವಸ್ತ್ರ ಒದ್ದೆ ಮಾಡಿ ಹಣೆ ಒರೆಸತೊಡಗಿದಳು.

"ರೆನೀ, ಸರಿಯಾಗ್ ಮಾಡಿದ್ನಾ?" ಎಂದು ಅವನು ಪಿಸುಗುಟ್ಟಿದ.

"ಏನನ್ನ?"

"ಅದೇ... ಮೊಟ್ಟೆ. ಎಲ್ರೂ ನಕ್ರಲ್ಲ. ಸರಿಯಾಗೇ ಮಾಡಿರ್ಬೇಕು, ಅಲ್ವಾ?"

ರೆನೀಟಾಳ ಕೈ ಹಣೆಯ ಮೇಲೇ ನಿಂತುಹೋಯಿತು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಹೇಸಿಗೆ. ಅಂಗಳದಲ್ಲಿ ಇನ್ನೂ ನಗುತ್ತಿದ್ದವರ ಬಾಯಿಗಳನ್ನು, ಆ ಬಾಯಿಗಳೊಳಗಿನ ಹಂದಿಮಾಂಸದ ತುಣುಕುಗಳನ್ನು ಕಂಡು ಅವಳು ಮುಖ ತಿರುಗಿಸಿದಳು. ಇವರಿಗೆ ಕಣ್ಣಿಲ್ಲವೇ? ಅಥವಾ ಇದ್ದೂ ಮುಚ್ಚಿಕೊಂಡಿದ್ದಾರೆಯೇ?

"ಏಯ್ ದೊಡ್ಡವಾ! ಊಟಕ್ಕೆ ಮುಂಚೆ ತೂಕ!" ಹಿತ್ತಿಲ ಜಗಲಿಯಿಂದ ಅತ್ತೆ ಅರ್ಲೀನಳ ಕೂಗು ಬಂತು.

ಆ ಜಗಲಿಯಲ್ಲಿದ್ದ ತಕ್ಕಡಿಯ ಕಥೆ ಊರಿಗೆಲ್ಲ ಗೊತ್ತು. ಓಡೆಲ್ ಹದಿನಾಲ್ಕು ವರ್ಷದವನಾಗಿದ್ದಾಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತರಬೇತುದಾರ ಮನೆಗೆ ಬಂದು, "ನೀವು ಇವನ ಹೊಟ್ಟೆ ತುಂಬಿಸಿ, ಉಳಿದದ್ದು ನಾನು ನೋಡ್ಕೋತೀನಿ," ಎಂದಿದ್ದ. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಹಂಡೆ ತಿರುವುತ್ತಿದ್ದ ಅರ್ಲೀನಳಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಒಂದೇ ಬೇಸಿಗೆಯಲ್ಲಿ ಹುಡುಗನಿಗೆ ನಲವತ್ತು ಪೌಂಡ್ ಏರಿಸಿದಳು. ಮನೆಯ ತೂಕದ ಯಂತ್ರ ಅವನ ಭಾರಕ್ಕೆ ಕೆಟ್ಟುಹೋದಾಗ, ದನದ ಮೇವಿನ ಅಂಗಡಿಯಿಂದ ಮೂಟೆ ತೂಗುವ ಕಬ್ಬಿಣದ ತಕ್ಕಡಿಯನ್ನೇ ಕೊಂಡು ತಂದು ಹಿತ್ತಿಲ ಜಗಲಿಯಲ್ಲಿಟ್ಟಳು. ಬೇರೆ ತಾಯಂದಿರು ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರೆ, ಇವಳು ಮಗನ ತೂಕ ಬರೆದಳು. ಆ ಚೌಕಟ್ಟು ಇಪ್ಪತ್ತು ವರ್ಷದ ಪೆನ್ಸಿಲ್ ಗೀರುಗಳಿಂದ ಕಪ್ಪಾಗಿತ್ತು. ಆ ಮನೆಯಲ್ಲಿ 'ಸಾಕು' ಎಂಬ ಮಾತನ್ನು ಆಡುವ ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ತಟ್ಟೆ ಸರಿಸಿ 'ಸಾಕಮ್ಮಾ' ಎಂದಿದ್ದಕ್ಕೆ ಅರ್ಲೀನ್ ಸೌಟಿನಿಂದ ಅವನ ಬೆರಳ ಗೆಣ್ಣಿಗೆ ಹೊಡೆದಿದ್ದಳಂತೆ. ಅದನ್ನು ಇವತ್ತಿಗೂ ನಗುತ್ತಾ ಹೇಳಿಕೊಳ್ಳುತ್ತಿದ್ದಳು.

"ಮುನ್ನೂರ ಇಪ್ಪತ್ತೆರಡು! ಥೂ, ಏನೋ ಇದು?" ಅರ್ಲೀನ್ ಬಗ್ಗಿ ಮುಳ್ಳು ನೋಡಿ ಸೊಸೆಯ ಕಡೆ ಓರೆಗಣ್ಣು ಹಾಯಿಸಿದಳು. "ಹೆಂಡ್ತಿ ನಿಂಗೆ ಬರೀ ಗಾಳಿ ಬಡಿಸ್ತಾಳೇನೋ?"

"ಅವರು ಹೊಟ್ಟೆ ಬಿರಿಯ ತಿಂತಾರೆ, ಅತ್ತೆ."

"ಹೊಟ್ಟೆ ಬಿರಿಯ ತಿಂದವನ ತೂಕ ಮುನ್ನೂರ ನಲವತ್ತಕ್ಕೆ ಹದಿನೆಂಟು ಪೌಂಡ್ ಕಮ್ಮಿ ಹೇಗಾಗುತ್ತಮ್ಮಾ, ಮಹಾರಾಣಿ? ಬಾ ಮಗನೇ, ಕೂತ್ಕೋ."

ಆಮೇಲೆ ಶುರುವಾಯಿತು. ಗಂಬೋ ಸಾರು, ಅನ್ನ, ಕೆಂಪು ಕಾಳಿನ ಪಲ್ಯ, ತೊಡೆಗಾತ್ರದ ಹಂದಿಮಾಂಸ, ಬೆಣ್ಣೆಯಲ್ಲಿ ಮುಳುಗಿದ ಜೋಳದ ಬ್ರೆಡ್ಡು. ತಟ್ಟೆ ಖಾಲಿಯಾದಂತೆ ಅರ್ಲೀನ್ ಮತ್ತೆ ತುಂಬುತ್ತಿದ್ದಳು. ನಾಲ್ಕನೆಯ ತಟ್ಟೆಯ ಹೊತ್ತಿಗೆ ಓಡೆಲ್‌ನ ಕಣ್ಣಲ್ಲಿ ನೀರು ತುಂಬಿತ್ತು, ಕುತ್ತಿಗೆಯ ಮಡಿಕೆಗಳಲ್ಲಿ ಬೆವರು ಹರಿಯುತ್ತಿತ್ತು, ದವಡೆ ಮಾತ್ರ ಆಡುತ್ತಲೇ ಇತ್ತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಛೀ! ಮನುಷ್ಯರು ಊಟ ಮಾಡುವುದನ್ನು ರೆನೀಟಾ ನೋಡಿದ್ದಳು, ಇದು ಊಟವಲ್ಲ.

ದೊಡ್ಡ ತಂಡದಲ್ಲಿ ಅವನ ಕೆಲಸವಾದರೂ ಏನು? ಹೆಲ್ಮೆಟ್ ತೊಟ್ಟು, ಮೂರು ಬೆರಳು ನೆಲಕ್ಕೂರಿ, ಎದುರು ಸಾಲಿನ ಇಬ್ಬರು ಆನೆಯಂಥವರ ಮುಂದೆ ಬಗ್ಗಿ ನಿಲ್ಲುವುದು. ಚೆಂಡು ಅಲುಗಿದ ಕ್ಷಣ ಎದ್ದು ತಲೆ ಕೊಟ್ಟು ಗುದ್ದುವುದು. ಒಂದು ಆಟಕ್ಕೆ ಐವತ್ತು ಸಲ, ಅಭ್ಯಾಸದಲ್ಲಿ ಲೆಕ್ಕವಿಲ್ಲ. ಅವನು ಆ ಇಬ್ಬರನ್ನು ತಡೆದು ನಿಲ್ಲಿಸಿದರೆ ಹಿಂದಿನಿಂದ ಬೇರೆ ಯಾರೋ ಓಡಿಬಂದು ಎದುರಾಳಿಯನ್ನು ಕೆಡವಿ ಹೆಸರು ಮಾಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಓಡೆಲ್ ಆ ಚೆಂಡನ್ನು ಕೈಯಲ್ಲಿ ಹಿಡಿದದ್ದು ಎರಡೇ ಎರಡು ಸಲ.

"ಎಲ್ರೂ ಕೇಳಿ!" ಲೂಷಸ್ ಲೋಟವನ್ನು ಚಮಚದಿಂದ ಬಡಿದ. ತಮ್ಮನ ವ್ಯವಹಾರವನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. "ತಂಡದೋರು ಫೋನ್ ಮಾಡಿದ್ರು. ದೊಡ್ಡವನಿಗೆ ಹನ್ನೆರಡನೇ ವರ್ಷ! ಜೂನ್ ಒಳಗೆ ಮುನ್ನೂರ ನಲವತ್ತು ಪೌಂಡ್ ಮುಟ್ಟಬೇಕು, ಡಾಕ್ಟರ ಪರೀಕ್ಷೆ ಪಾಸಾಗ್ಬೇಕು. ಅಷ್ಟೇ!"

"ಬೇಡ," ಎಂದಳು ರೆನೀಟಾ.

ಅರ್ಲೀನ್ ಸೌಟನ್ನು ಕೆಳಗಿಟ್ಟಳು. "ಏನಂದೆ?"

"ಬೇಡ ಅಂದೆ. ಹೋದ ತಿಂಗಳು ಹಾಲು ತರ್ತೀನಿ ಅಂತ ಹೋದೋರು ಸಕ್ಕರೆ ಮಿಲ್ಲಿನ ಗೇಟಲ್ಲಿ ಕೂತಿದ್ರು. ಮನೆ ದಾರಿ ಗೊತ್ತಾಗ್ಲಿಲ್ವಂತೆ! ಹುಟ್ಟಿದೂರಲ್ಲಿ! ಈಗ ಆ ಮೊಟ್ಟೆ... ನೀವೆಲ್ಲ ನಕ್ರಿ. ಅದು ತಮಾಷೆ ಅಲ್ಲ ಅತ್ತೆ, ಅವರಿಗೆ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ!"

"ನನ್ ಮಗನ್ನ ಹುಚ್ಚ ಅಂತೀಯಾ? ನನ್ ಮನೇಲಿ, ನಾನ್ ಮಾಡಿದ ಅನ್ನ ತಿಂತಾ?" ಅರ್ಲೀನ್ ಸೊಸೆಯ ತಟ್ಟೆಗೆ ಬೆರಳು ತೋರಿಸಿದಳು. "ಏಳು ಜನ ಮಕ್ಳಿದ್ದ ಮನೇಲಿ ಹುಟ್ಟಿದೋಳು ಕಣೇ ನಾನು. ಹಸಿದು ಮಲಗೋದು ಅಂದ್ರೇನು ಅಂತ ನಿಂಗೇನ್ ಗೊತ್ತು? ಇವನ ಮೈಮೇಲಿರೋ ಒಂದೊಂದ್ ಪೌಂಡೂ ನನ್ ಕೈಯಿಂದ ಬಂದಿದ್ದು. ಈ ಊರಲ್ಲಿ ಕಬ್ಬಿನ ಗದ್ದೆ ಬಿಟ್ಟು ಮೇಲೆ ಹೋದೋನು ಇವನೊಬ್ನೇ. ಅವನನ್ನ ಕೆಳಗೆ ಎಳೀತೀಯಾ?"

ಓಡೆಲ್ ತಲೆ ಬಗ್ಗಿಸಿ ತಿನ್ನುತ್ತಲೇ ಇದ್ದ. ರೆನೀಟಾ ಅವನ ಬೆನ್ನನ್ನೊಮ್ಮೆ ನೋಡಿದಳು. ಈ ಜನರ ಹತ್ತಿರ ವಾದ ಮಾಡಿ ಫಲವಿಲ್ಲ, ಆದರೆ ಡಾಕ್ಟರ ಯಂತ್ರಕ್ಕೆ ಅತ್ತೆಯ ಬಾಯಿಗೆ ಹೆದರುವ ಅಗತ್ಯವಿಲ್ಲವಲ್ಲ! ಅದು ಸತ್ಯ ಹೇಳಿಯೇ ಹೇಳುತ್ತದೆ.

"ಆಯ್ತು. ಪರೀಕ್ಷೆ ಏನ್ ಹೇಳುತ್ತೋ ಹಾಗೇ ಆಗ್ಲಿ. ತಲೆ ಸರಿ ಇಲ್ಲ ಅಂತ ಬಂದ್ರೆ ಆಟ ಬಿಡ್ಬೇಕು. ಶಿಲುಬೆ ಮುಟ್ಟಿ ಹೇಳಿ, ಅತ್ತೆ."

ಅರ್ಲೀನ್ ಕತ್ತಿನ ಶಿಲುಬೆಯನ್ನು ಬೆರಳಲ್ಲಿ ಹಿಡಿದಳು. "ಹೇಳ್ದೆ. ಸರಿ ಇದೆ ಅಂತ ಬಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು. ಮುಟ್ಟು ನೀನೂ."

ರೆನೀಟಾ ಮುಟ್ಟಿದಳು.

ಮುಂದಿನ ವಾರ ಓಡೆಲ್, ರೆನೀಟಾ, ಲೂಷಸ್ ಮೂವರೂ ತಂಡದ ಊರಿಗೆ ಹೋದರು. ಪರೀಕ್ಷೆಯೆಂದರೆ ಪರದೆಯ ಮೇಲೆ ಹನ್ನೆರಡು ಪದ ತೋರಿಸುವುದು, ಸ್ವಲ್ಪ ಹೊತ್ತು ಬಿಟ್ಟು ನೆನಪಿದ್ದಷ್ಟನ್ನು ಕೇಳುವುದು, ಹಾಗೇ ಕೆಲವು ಆಕಾರ, ಬಣ್ಣ. ಒಂದು ಗಂಟೆಯ ನಂತರ ಹೊರಬಂದ ಓಡೆಲ್‌ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ತುಟಿ ಬಿಳಿಚಿತ್ತು.

"ಐದು, ರೆನೀ," ಎಂದ, ಬೆಟ್ಟ ಹತ್ತಿ ಬಂದವನಂತೆ ಏದುತ್ತಾ. "ತುಂಬಾ ಕಷ್ಟಪಟ್ಟೆ... ಐದೇ ನೆನಪಾಗಿದ್ದು."

ಹನ್ನೆರಡರಲ್ಲಿ ಐದು! ಗಂಡ ಸೋತನೆಂದು ಯಾವ ಹೆಂಡತಿಯಾದರೂ ಸಂತೋಷಪಡುತ್ತಾಳೆಯೇ? ರೆನೀಟಾ ಪಟ್ಟಳು. ಮುಗಿಯಿತು, ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಅಷ್ಟರಲ್ಲಿ ತಂಡದ ಡಾಕ್ಟರಮ್ಮ ವಿಟ್ಲೋ ಕಾಗದಗಳನ್ನು ಹಿಡಿದು ಬಂದಳು.

"ಎಲ್ಲಾ ಸರಿ ಇದೆ. ಸೇರಿದ ವರ್ಷದ ಅಂಕಕ್ಕೂ ಇವತ್ತಿನ ಅಂಕಕ್ಕೂ ವ್ಯತ್ಯಾಸವೇ ಇಲ್ಲ."

"ವ್ಯತ್ಯಾಸ ಇಲ್ಲ ಅಂದ್ರೆ?" ರೆನೀಟಾ ಕಾಗದಕ್ಕೆ ಕೈ ಚಾಚಿದಳು. "ಹನ್ನೆರಡರಲ್ಲಿ ಐದು, ಡಾಕ್ಟ್ರೇ!"

"ಆಗಲೂ ಐದೇ ಇತ್ತಮ್ಮಾ. ನೋಡಿ ಇಲ್ಲಿ. ಇವರು ಮೊದಲಿಂದ್ಲೂ ಸ್ವಲ್ಪ ನಿಧಾನ, ಅಷ್ಟೇ."

ಲೂಷಸ್ ತಮ್ಮನ ಬೆನ್ನ ಮೇಲೆ ಪಟಪಟನೆ ಬಡಿದ. ರೆನೀಟಾ ಮಾತ್ರ ಆ ಹಳೆಯ ಕಾಗದವನ್ನು ನೋಡುತ್ತಾ ನಿಂತಳು. ಹನ್ನೊಂದು ವರ್ಷದ ಹಿಂದಿನ ತಾರೀಕು... ಆಗಸ್ಟ್ ತಿಂಗಳು... ಆ ಅಡುಗೆಮನೆ ಕಣ್ಣ ಮುಂದೆ ಬಂದು ನಿಂತಿತು.

ಮದುವೆಯಾಗಿ ನಾಲ್ಕೇ ತಿಂಗಳಾಗಿತ್ತು. ತಂಡಕ್ಕೆ ಹೊಸದಾಗಿ ಸೇರಿದವರ ತಲೆ ಹೇಗೆ ಕೆಲಸ ಮಾಡುತ್ತದೆಂದು ಮೊದಲೇ ಬರೆದಿಡುವ ಪರೀಕ್ಷೆ ಅದು. ಮುಂದೆ ಎಂದಾದರೂ ತಲೆಗೆ ಪೆಟ್ಟು ಬಿದ್ದರೆ ಹೊಸ ಅಂಕವನ್ನು ಹಳೆಯದರ ಪಕ್ಕ ಇಟ್ಟು ನೋಡುತ್ತಾರೆ, ಇಳಿದಿದ್ದರೆ ಆಟದಿಂದ ಹೊರಗೆ ಕೂರಿಸುತ್ತಾರೆ. ಅದಕ್ಕೇ ಹಳೆಯ ಆಟಗಾರರು ಹೊಸಬರ ಕಿವಿಯಲ್ಲಿ ಊದುತ್ತಿದ್ದ ಮೊದಲ ಪಾಠ ಒಂದೇ: ಮೊದಲ ದಿನ ಬೇಕಂತಲೇ ದಡ್ಡನಾಗು, ಆಮೇಲೆ ನಿನ್ನನ್ನು ಯಾರೂ ಹೊರಗೆ ಕೂರಿಸಲಾರರು. ಓಡೆಲ್ ನಗುತ್ತಾ ಬಂದು ಹೆಂಡತಿಗೆ ಹೇಳಿದ್ದ. ಅಡುಗೆ ಬರೆದಿಡುವ ಚೀಟಿಗಳ ಹಿಂದೆ ರೆನೀಟಾ ತಾನೇ ಹನ್ನೆರಡು ಹನ್ನೆರಡು ಪದ ಬರೆದಳು. ಸಮಯ ಅಳೆಯಲು ಒಲೆಯ ಗಂಟೆಯನ್ನು ತಾನೇ ತಿರುಗಿಸಿಟ್ಟಳು. ತೀರಾ ದಡ್ಡನಾದರೆ ಅನುಮಾನ ಬರುತ್ತದೆ, ಐದೇ ಸರಿ ಎಂದು ಲೆಕ್ಕ ಹಾಕಿದವಳೂ ಅವಳೇ.

"ಹನ್ನೆರಡೂ ನೆನಪಿದೆ ಕಣೇ, ಏನ್ ಮಾಡ್ಲಿ? ತಾನಾಗೇ ಬಾಯಿಗೆ ಬಂದ್ಬಿಡುತ್ತೆ!" ಎಂದು ಆ ಚುರುಕು ಹುಡುಗ ನಕ್ಕಿದ್ದ.

"ಐದೇ! ಆರನೇದು ಬಾಯಿಂದ ಬಂತೋ, ಮುತ್ತಿಲ್ಲ!" ಎಂದು ಇವಳು ಬೆರಳಾಡಿಸಿದ್ದಳು.

ಎಂಥ ಮೋಜಿನ ಸಂಜೆ ಅದು! ಮಾರನೆಯ ದಿನವೇ ಮರೆತುಬಿಟ್ಟಿದ್ದಳು.

ರೆನೀಟಾ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಕಾರು ನಿಲ್ಲಿಸುವ ಜಾಗದಲ್ಲಿ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿದಳು. ಇಷ್ಟು ವರ್ಷ ಅತ್ತೆಯ ಸೌಟನ್ನು ಕಂಡು ಅಸಹ್ಯಪಟ್ಟಿದ್ದಳು, ಭಾವನ ನಗುವನ್ನು ಕಂಡು ಅಸಹ್ಯಪಟ್ಟಿದ್ದಳು, ಮೈದಾನದ ಸೀಟುಗಳಿಂದ ಎದ್ದು ನಿಂತು ಕಿರುಚುವ ಆ ಸಾವಿರಾರು ಜನರನ್ನು ಕಂಡು ಅಸಹ್ಯಪಟ್ಟಿದ್ದಳು. ಈಗ ತನ್ನ ಕೈಗಳನ್ನೇ ನೋಡಲು ಅವಳಿಗೆ ಹೇಸಿಗೆಯಾಯಿತು. ಈ ಕೈಗಳೇ ಬರೆದದ್ದು! ಈ ಬಾಯೇ ಐದು ಎಂದದ್ದು!

ಊರಿಗೆ ಬಂದವಳೇ ತನ್ನ ಮನೆಯ ಕಪಾಟಿನಿಂದ ಅಡುಗೆ ಚೀಟಿಗಳ ತಗಡಿನ ಡಬ್ಬಿ ತೆಗೆದಳು. ಗಂಬೋ ಮಾಡುವ ವಿಧಾನದ ಹಿಂದೆ, ಬೆಂಡೆಕಾಯಿ ಹುರಿಯುವ ವಿಧಾನದ ಹಿಂದೆ, ಅವಳದೇ ದುಂಡು ಅಕ್ಷರಗಳು ಹಾಗೇ ಇದ್ದವು. ಆ ಚೀಟಿಗಳನ್ನು ತಂದು ಅತ್ತೆಯ ಊಟದ ಮೇಜಿನ ಮೇಲೆ ಎಲ್ಲರ ಮುಂದೆ ಹರಡಿ ನಡೆದದ್ದನ್ನೆಲ್ಲ ಹೇಳಿದಳು.

ಲೂಷಸ್ ಭುಜ ಕುಣಿಸಿದ. "ಅಷ್ಟೇನಾ? ಎಲ್ರೂ ಮಾಡ್ತಾರಮ್ಮಾ ಅದನ್ನ. ಸುಟ್ಟು ಹಾಕು."

"ನಾಳೆ ಡಾಕ್ಟ್ರಿಗೆ ಕೊಡ್ತೀನಿ."

"ಪರೀಕ್ಷೆ ಹೇಳಿದ್ದೇ ಮಾತು ಅಂದೋಳು ನೀನೇ! ಶಿಲುಬೆ ಮುಟ್ಟಿದೋಳು ನೀನೇ!" ಅರ್ಲೀನ್ ಎದ್ದು ನಿಂತು ಮೇಜು ಗುದ್ದಿದಳು. "ಊರ ಮುಂದೆ ನನ್ ಮಗನ್ನ ಮೋಸಗಾರ ಮಾಡ್ತೀಯಾ? ಶಾಲೆ ಗೋಡೆ ಮೇಲೆ ಅವನ ಚಿತ್ರ ಇದೆ ಕಣೇ, ಚಿತ್ರ!"

"ಮಾಡ್ತೀನಿ ಅತ್ತೆ. ನನ್ನನ್ನೂ ಸೇರಿಸಿ ಮಾಡ್ತೀನಿ. ಮೋಸಗಾರ ಅನ್ಲಿ, ಉಗೀಲಿ... ಇನ್ನೊಂದ್ ಸಲ ಆ ತಲೆ ಗುದ್ದಿಸ್ಕೋಬಾರ್ದು, ಅಷ್ಟೇ. ಮಾತಿಗೆ ತಪ್ಪಿದ ಪಾಪ ನಂಗೇ ಬರ್ಲಿ!"

"ರೆನೀ..." ಓಡೆಲ್ ಮೆಲ್ಲನೆ ಕರೆದ. ಆ ದೊಡ್ಡ ದೇಹ ಕುರ್ಚಿಯಿಂದ ಜಾರಿ ಅವಳ ಮುಂದೆ ಮಂಡಿಯೂರಿತು. ಚೀಟಿಯೊಂದನ್ನು ಎತ್ತಿ ನೋಡಿದ, ತುಟಿ ಅಲುಗಿಸಿ ಓದಿದ. "ಇದೆಲ್ಲ... ನಂಗೆ ನೆನಪಿತ್ತಾ? ಹನ್ನೆರಡೂ?"

"ಹೂಂ ಕಣೋ," ಎಂದಳು ರೆನೀಟಾ. "ಹನ್ನೆರಡೂ ನೆನಪಿತ್ತು. ತಡ್ಕೊಳ್ಳಕ್ಕೆ ಆಗ್ತಿರ್ಲಿಲ್ಲ ನಿಂಗೆ."

ಅವನು ಆ ಚೀಟಿಯನ್ನು ಮೇಜಿನ ಮೇಲಿಟ್ಟ. "ಆದ್ರೂ ಕೊಡ್ಬೇಡ ರೆನೀ... ಕೈ ಮುಗೀತೀನಿ. ಆಟ ಬಿಟ್ರೆ ನಂಗೆ ಏನ್ ಬರುತ್ತೆ ಹೇಳು? ಬೆಳಿಗ್ಗೆ ಎದ್ದು ಎಲ್ಲಿಗ್ ಹೋಗ್ಲಿ? ಸಾಲಿನಲ್ಲಿ ನಿಂತಾಗ ಮಾತ್ರ ನಂಗೆ ಎಲ್ಲಿದೀನಿ ಅಂತ ಗೊತ್ತಾಗುತ್ತೆ... ಕೊಡ್ಬೇಡ!"

ರೆನೀಟಾ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಹೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಚೀಟಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿಕೊಂಡಳು. ಮರುದಿನ ಮಧ್ಯಾಹ್ನ ಡಾಕ್ಟರಮ್ಮ ವಿಟ್ಲೋ ಆ ಚೀಟಿಗಳನ್ನು ತಿರುವಿ ನೋಡಿ, ಇದು ಯಾರ ಕೈಬರಹ ಎಂದು ಕೇಳಿದಳು. "ನಂದು," ಎಂದಳು ರೆನೀಟಾ.

ಬೇರೆ ಡಾಕ್ಟರು ನೋಡಿದರು, ತಲೆಯ ಚಿತ್ರ ತೆಗೆದರು, ಇನ್ನು ಆಟದ ಮಾತೇ ಎತ್ತಬಾರದೆಂದರು. ತಂಡ ಎರಡು ಸಾಲಿನ ಪತ್ರ ಕಳಿಸಿ ಕೈ ತೊಳೆದುಕೊಂಡಿತು. ಹನ್ನೊಂದು ವರ್ಷ ಅವನ ತಲೆಯನ್ನು ಬಳಸಿಕೊಂಡವರಿಗೆ ಅವನು ಒಂದು ದಿನ ಸುಳ್ಳು ಹೇಳಿದ್ದು ಮಾತ್ರ ಸಹಿಸಲಾಗಲಿಲ್ಲವಂತೆ, ಎಂಥ ಸತ್ಯವಂತರು! ಪತ್ರಿಕೆಯಲ್ಲಿ ಮೋಸಗಾರ ಎಂದು ಬಂತು. ಶಾಲೆಯ ಗೋಡೆಯ ಮೇಲಿನ ಚಿತ್ರಕ್ಕೆ ಸುಣ್ಣ ಬಳಿದರು. ಮೊನ್ನೆಯವರೆಗೆ ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ನೂಕಾಡುತ್ತಿದ್ದವರು ಅಂಗಡಿಯಲ್ಲಿ ಮುಖ ತಿರುಗಿಸಿ ಹೋದರು. ಲೂಷಸ್ ಇನ್ನೊಬ್ಬ ಹುಡುಗನ ವ್ಯವಹಾರ ನೋಡಿಕೊಳ್ಳಲು ಬೇರೆ ರಾಜ್ಯಕ್ಕೆ ಹೋದವನು ಫೋನನ್ನೂ ಮಾಡಲಿಲ್ಲ. ಅರ್ಲೀನ್ ಚರ್ಚಿನಲ್ಲಿ ಸೊಸೆಯನ್ನು ಕಂಡರೆ ಬೆಂಚು ಬದಲಿಸುತ್ತಿದ್ದಳು, ಮಗನನ್ನು ನೋಡಲೂ ಅವನ ಮನೆಯ ಮೆಟ್ಟಿಲು ಹತ್ತಲಿಲ್ಲ. "ಅವಳು ನನ್ ಮಗನ್ನ ಜೀವಂತ ಹೂತುಹಾಕಿದ್ಲು," ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದಳು.

ಓಡೆಲ್ ನಲವತ್ತು ದಿನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಆಮೇಲೊಂದು ದಿನ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ಕ್ಷಮಿಸಿದನೆಂದು ಅವಳು ಒಂದು ಗಳಿಗೆ ಹಿಗ್ಗಿದಳು. ಇಲ್ಲ... ಯಾಕೆ ಮುನಿಸಿಕೊಂಡಿದ್ದೆ ಎಂಬುದನ್ನೇ ಅವನು ಮರೆತಿದ್ದ.

ಬೇಸಿಗೆಯಲ್ಲಿ ಒಂದು ದಿನ ಅವನು ತಾಯಿಯ ಮನೆಯ ಆ ಕಬ್ಬಿಣದ ತಕ್ಕಡಿಯನ್ನು ಹೆಗಲ ಮೇಲೆ ಹೊತ್ತು ತಂದು ತನ್ನ ಹಿಂಬಾಗಿಲ ಬಳಿ ಇಟ್ಟುಕೊಂಡ. ಅಂದಿನಿಂದ ಪ್ರತಿ ಬೆಳಿಗ್ಗೆ ಎದ್ದವನೇ ಅದರ ಮೇಲೆ ನಿಲ್ಲುತ್ತಿದ್ದ.

"ರೆನೀ, ಎಷ್ಟಿದೆ? ಮುನ್ನೂರ ನಲವತ್ತು ಆಯ್ತಾ? ಜೂನ್ ಹತ್ರ ಬಂತು."

ಒಂದು ಸುಳ್ಳು ಈ ಮನೆಯನ್ನು ತಿಂದುಹಾಕಿತ್ತು. ಇನ್ನೊಂದು ಸುಳ್ಳು ಈ ಬಾಯಿಂದ ಬರಕೂಡದೆಂದು ರೆನೀಟಾ ಹಟ ಹಿಡಿದಿದ್ದಳು. ಮುಳ್ಳು ನೋಡಿ ಇದ್ದದ್ದನ್ನೇ ಹೇಳುತ್ತಿದ್ದಳು. "ಇನ್ನೂರ ತೊಂಬತ್ತು, ಓಡೆಲ್. ನೀನು ಆಟ ಬಿಟ್ಟಿದೀಯ. ತಂಡ ಇಲ್ಲ ಈಗ." ಪ್ರತಿ ಬೆಳಿಗ್ಗೆ ಅವನು ಅದನ್ನು ಮೊದಲ ಸಲ ಕೇಳಿದವನಂತೆ ಕೇಳುತ್ತಿದ್ದ. ಪ್ರತಿ ಬೆಳಿಗ್ಗೆ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಸಿಡೋನಿ ಆ ಹೊತ್ತಿಗೆ ಕಿವಿಗೆ ದಿಂಬು ಒತ್ತಿಕೊಂಡು ಮಲಗುವುದನ್ನು ಕಲಿತಳು.

ಮತ್ತೆ ಈಸ್ಟರ್ ಬಂತು. ಹಿಂದಿನ ದಿನ ಶನಿವಾರ ರೆನೀಟಾ ಮೊಟ್ಟೆ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಓಡೆಲ್ ಮನೆಯಲ್ಲಿರಲಿಲ್ಲ. ಅವಳು ಸಕ್ಕರೆ ಮಿಲ್ಲಿನ ಗೇಟಿಗೆ ಓಡಿದಳು, ಶಾಲೆಯ ಮೈದಾನಕ್ಕೆ ಓಡಿದಳು. ಸೋತು ಮನೆಗೆ ಬಂದಾಗ ಬಾಗಿಲ ಮುಂದೆ ಅರ್ಲೀನಳ ಹಳೆಯ ಕಾರು ನಿಂತಿತ್ತು. ಮೆಟ್ಟಿಲ ಮೇಲೆ ಓಡೆಲ್ ಕೂತಿದ್ದ. ಅಂಗಿಯ ಎದೆಯೆಲ್ಲ ವಾಂತಿ, ಗಲ್ಲದ ಮೇಲೆ ಅನ್ನದ ಅಗಳು. ಪಕ್ಕದಲ್ಲಿ ಅರ್ಲೀನ್ ನಿಂತಿದ್ದಳು. ಹನ್ನೊಂದು ತಿಂಗಳ ನಂತರ ಸೊಸೆಯ ಮುಖ ನೋಡಿದ ಆ ಹೆಂಗಸಿನ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಹನ್ನೊಂದು ಗಂಟೆಗೆ ಬಂದ," ಎಂದಳು ಅರ್ಲೀನ್. "ಹಸಿವು ಅಮ್ಮಾ ಅಂದ. ನಂಗೆ ಎಷ್ಟ್ ಖುಷಿಯಾಯ್ತು ಅಂತೀಯ! ನೀನು ಉಪವಾಸ ಕೂರಿಸಿದೀಯ ಅಂದ್ಕೊಂಡೆ... ಮೂರು ತಟ್ಟೆ ಬಡಿಸ್ದೆ. ತಿಂದ. ಕೈ ತೊಳ್ಕೊಂಡು ಜಗಲಿಗೆ ಹೋಗಿ ಬಂದು, 'ಅಮ್ಮಾ, ಅಡಿಗೆ ಆಯ್ತಾ? ಹಸಿವು' ಅಂದ. ತಮಾಷೆ ಅಂದ್ಕೊಂಡು ಮತ್ತೆ ಬಡಿಸ್ದೆ. ಅದನ್ನೂ ತಿಂದ! ಇನ್ನೊಂದ್ ಸಲ ಬಂದು ಕೂತ. 'ಅಡಿಗೆ ಆಯ್ತಾ ಅಮ್ಮಾ?'... ನಾನ್ ಮತ್ತೆ ಬಡಿಸ್ದೆ ಕಣೇ! ತುತ್ತು ಗಂಟಲಲ್ಲಿ ಇಳೀತಿಲ್ಲ, ಕಣ್ಣಲ್ಲಿ ನೀರು ಸುರೀತಿದೆ, ಬೇಡ ಅನ್ನೋದು ಗೊತ್ತಿಲ್ಲ ಅವನಿಗೆ... ನಾನೇ ಕಲಿಸ್ಲಿಲ್ಲ..."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. "ನನ್ ಕೈಗೆ ಬೆಂಕಿ ಹಾಕ! ಈ ಕೈಯಿಂದ ಮಗನಿಗೆ ಅನ್ನ ಬಡಿಸ್ದೆ ಅಂದ್ಕೊಂಡಿದ್ನಲ್ಲೇ, ರೆನೀಟಾ..."

ರೆನೀಟಾಳಿಗೆ ಎಷ್ಟೋ ಮಾತು ಬಾಯಿಗೆ ಬಂತು. ವರ್ಷವಿಡೀ ಮನಸ್ಸಿನಲ್ಲಿ ಮಸೆದಿಟ್ಟ ಮಾತುಗಳು. ಆದರೆ ತನ್ನ ಕೈಯ ಬಗ್ಗೆ ತಾನೂ ಇದೇ ಮಾತು ಆಡಿಕೊಂಡದ್ದು ನೆನಪಾಯಿತು. ಒಳಗೆ ಹೋಗಿ ಎರಡು ಒದ್ದೆ ಬಟ್ಟೆ ತಂದಳು. ಒಂದನ್ನು ಅತ್ತೆಗೆ ಕೊಟ್ಟಳು. ಇಬ್ಬರೂ ಎರಡು ಕಡೆ ಕೂತು ಅವನ ಎದೆ, ಗಲ್ಲ ಒರೆಸಿದರು. ಆ ರಾತ್ರಿ ಅರ್ಲೀನ್ ಅಲ್ಲೇ ಉಳಿದಳು.

ಈಸ್ಟರ್ ಬೆಳಿಗ್ಗೆ ಓಡೆಲ್ ಎಂದಿನಂತೆ ಎದ್ದು ಹಿಂಬಾಗಿಲಿಗೆ ಹೋಗಿ ತಕ್ಕಡಿಯ ಮೇಲೆ ನಿಂತ. ಕಬ್ಬಿಣ ಕಿರುಗುಟ್ಟಿತು.

"ಎಷ್ಟಿದೆ? ಆಯ್ತಾ?"

ರೆನೀಟಾ ಬಾಯಿ ತೆರೆದಳು. ಅಷ್ಟರಲ್ಲಿ ಅರ್ಲೀನ್ ಅವಳ ತೋಳು ಹಿಡಿದು ನಿಲ್ಲಿಸಿ, ತಾನೇ ಮುಂದೆ ಬಂದು ಮಂಡಿ ಹಿಡಿದುಕೊಂಡು ಬಗ್ಗಿದಳು. ಮುಳ್ಳು ಇನ್ನೂರ ಎಪ್ಪತ್ತೊಂದರಲ್ಲಿತ್ತು.

"ಮುನ್ನೂರ ನಲವತ್ತು," ಎಂದಳು.

"ನಿಜವಾಗ್ಲೂ ಅಮ್ಮಾ?"

"ನಿನ್ನಮ್ಮ ಯಾವತ್ತಾದ್ರೂ ತೂಕದಲ್ಲಿ ಸುಳ್ಳು ಹೇಳಿದಾಳಾ?"

"ಇನ್ನೂ ತಿನ್ಬೇಕಾ ಹಾಗಾದ್ರೆ?"

ಅರ್ಲೀನ್ ಅವನ ಮೊಣಕೈ ಹಿಡಿದಳು. ಇಪ್ಪತ್ತು ವರ್ಷ ಆ ಬಾಯಿಂದ ಬಾರದ ಮಾತು ಅದು. ಗಂಟಲಲ್ಲಿ ಸಿಕ್ಕಿಕೊಂಡು, ಹೊರಳಾಡಿ, ಕೊನೆಗೆ ಬಂತು.

"ಸಾಕು ಮಗನೇ... ಸಾಕು. ಇಳಿ ಇನ್ನು."

ಓಡೆಲ್ ಇಳಿದ. ಅವತ್ತು ಅವನು ಅಳಲಿಲ್ಲ. ದೊಡ್ಡ ಉಸಿರು ಬಿಟ್ಟು, ಕೆಲಸ ಮುಗಿಸಿ ಬಂದವನಂತೆ ಕುರ್ಚಿಯ ಮೇಲೆ ಕೂತು ಕಾಲು ಚಾಚಿದ. ಸಿಡೋನಿ ಬುಟ್ಟಿಯಿಂದ ಎರಡು ಮೊಟ್ಟೆ ತಂದಳು. ಒಂದನ್ನು ಅಪ್ಪನ ಅಂಗೈಯಲ್ಲಿಟ್ಟು, ಆ ದೊಡ್ಡ ಕೈಯನ್ನು ತನ್ನ ಚಿಕ್ಕ ಕೈಯಿಂದ ಹಿಡಿದು, ಇನ್ನೊಂದಕ್ಕೆ ಮೆಲ್ಲಗೆ ಕುಟ್ಟಿದಳು. "ನೀನೇ ಗೆದ್ದೆ ಅಪ್ಪಾ," ಎಂದಳು. ಅರ್ಲೀನ್ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವನು ಮತ್ತೆ ತಕ್ಕಡಿ ಹತ್ತಿದ. ರೆನೀಟಾ ಒಲೆ ಸಣ್ಣ ಮಾಡಿ ಬಂದು ಅವನ ಪಕ್ಕ ನಿಂತಳು. ಬಾಯೆಲ್ಲ ಕಹಿಯಾಯಿತು, ಆದರೂ ಬಗ್ಗಿ ಮುಳ್ಳು ನೋಡಲಿಲ್ಲ.

"ಎಷ್ಟಿದೆ ರೆನೀ?"

"ಮುನ್ನೂರ ನಲವತ್ತು," ಎಂದಳು ಅವಳು. "ಸಾಕು, ಇಳಿ. ಕಾಫಿ ಆರೋಗುತ್ತೆ."